ಸಂಜೆಸೀಮೆಯಲ್ಲಿ ಚಂಪಕ್ಕನ ಓಣಿ

‘ನಾ ಇರೋತನಕ ನಿಮ್ಮ ಓಣಿ ಮುಚ್ಚಾಕ ಬಿಡೂದಿಲ್ಲಕ್ಕಾ’ ಎಂದು ಚಂಪಕ್ಕನಿಗೆ ಮಾತು ಕೊಟ್ಟಾಗ ನನಗೆ ಇಪ್ಪತ್ತೊಂದು ವರ್ಷ. ಆ ವಯಸ್ಸಿನಲ್ಲಿ ಮಾತು ಕೊಡುವುದಕ್ಕೆ ಏನು ಖರ್ಚು? ಬಾಯಿ ತೆರೆದರೆ ಆಯಿತು. ಈಗ ನಲವತ್ತು ದಾಟಿದ್ದೇನೆ. ದಿನವಿಡೀ ಕನ್ನಡಕದ ಗಾಜು ತಿಕ್ಕುವ ಕೆಲಸ. ಮೊಣಕಾಲು ನೋಯುತ್ತವೆ, ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಮಾತು ಮಾತ್ರ ಹೋದ ವರ್ಷದವರೆಗೂ ಕೊಟ್ಟ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ನಮ್ಮ ಊರಿನಲ್ಲಿ ಎಂಟು ದಿನ ಯಾರೂ ನಡೆಯದ ಓಣಿ ಉಳಿಯುವುದಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಆಚೆಯ ಬೀದಿಯ ಗೋಡೆ, ಈಚೆಯ ಬೀದಿಯ ಗೋಡೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುತ್ತವೆ, ನಡುವೆ ಏನೂ ಇರಲೇ ಇಲ್ಲವೇನೋ ಎಂಬಂತೆ. ಅದಕ್ಕೇ ಮನೆಮನೆಗೂ ಪಾಳಿ ಇದೆ. ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ‘ನಿಮ್ಮ ಮನಿಗೆ ಎಷ್ಟ್ ಓಣಿ ಪಾಳೀರಿ?’ ಎಂದು ಕೇಳುತ್ತಾರೆ. ಮುಖ ನೋಡದಷ್ಟು ಜಗಳವಾದವರೂ ಪಾಳಿ ಬಂದ ದಿನ ಮುಖ ತಿರುಗಿಸಿಕೊಂಡೇ ಒಬ್ಬರ ಓಣಿಯಲ್ಲಿ ಇನ್ನೊಬ್ಬರು ನಡೆಯುತ್ತಾರೆ. ಈ ತುದಿಯಿಂದ ಆ ತುದಿಗೆ ಹೋಗಿ, ನಿಂತು, ಯಾರು ಕೇಳಲಿ ಬಿಡಲಿ, ‘ಬಂದು ಹೋದೆ’ ಅನ್ನಬೇಕು. ‘ಅಪ್ಪ’, ‘ಅವ್ವ’ ಅನ್ನಲು ಕಲಿತ ಮೇಲೆ ನಮ್ಮ ಮಕ್ಕಳು ಕಲಿಯುವ ಮೂರನೆಯ ಮಾತು ಅದು.

ಚಂಪಕ್ಕ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು. ಮದುವೆಯಾಗಿರಲಿಲ್ಲ. ಎಣ್ಣೆ ಗಿರಣಿಯ ಹಿಂದೆ ಅವಳ ಓಣಿ. ಎರಡೇ ಬಾಗಿಲು, ಅದರಲ್ಲಿ ಒಂದಕ್ಕೆ ಬೀಗ. ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಶನ್‌ಗೆಂದು ದೊಡ್ಡ ಊರಿಗೆ ಹೋಗುವಾಗ ಅವಳು ನಮ್ಮ ಅವ್ವನಿಗೆ ಹೇಳಿ ಹೋಗಿದ್ದಳು, ಅವ್ವ ನನಗೆ ಹೇಳಿದ್ದಳು. ನಾನು ಹ್ಞೂಂ ಅಂದಿದ್ದೆ. ಅದೇ ವಾರ ಮೌಲಾಲಿ ತನ್ನ ಸೈಬರ್ ಸೆಂಟರಿನ ಆರು ಮಶಿನ್‌ಗಳಿಗೆ ‘ಸಂಜೆಸೀಮೆ’ ಎಂಬ ಹೊಸ ಆಟ ಹಾಕಿಸಿದ್ದ. ಎಲ್ಲೆಲ್ಲಿಯದೋ ಊರಿನ ಸಾವಿರಾರು ಜನ ಒಂದೇ ಹೊತ್ತಿಗೆ ಅದರೊಳಗೆ ಇರುತ್ತಿದ್ದರು. ಅಲ್ಲಿ ಸೂರ್ಯ ಮುಳುಗಲು ಹೊರಟವನು ಹಾಗೇ ನಿಂತುಬಿಟ್ಟಿದ್ದಾನೆ. ಎಲ್ಲದರ ಮೇಲೂ ಕುಂಕುಮದ ನೀರು ಚೆಲ್ಲಿದಂಥ ಬೆಳಕು. ಎಲ್ಲಿ ನಿಂತರೂ ಸಮುದ್ರದ ಸದ್ದು ಕೇಳುತ್ತದೆ. ಸಮುದ್ರ ಮಾತ್ರ ಬೇಗ ಸಿಗುವುದಿಲ್ಲ. ನಾನು ಅದನ್ನು ಹುಡುಕುತ್ತಿದ್ದೆ. ಮನೆಗೆ ಬಂದಾಗ ಅವ್ವ ‘ಹೋಗಿ ಬಂದ್ಯಾ?’ ಅನ್ನುವಳು. ‘ಬಂದೆ’ ಅನ್ನುತ್ತಿದ್ದೆ. ಸುಳ್ಳಲ್ಲ, ಹೋಗಿಯೇ ಬಂದಿದ್ದೆ, ಬೇರೆ ಕಡೆಗೆ.

ಹತ್ತನೆಯ ದಿನ ಚಂಪಕ್ಕ ಬಸ್ಸಿಳಿದು ಬಂದು ಎಣ್ಣೆ ಗಿರಣಿಯ ಗೋಡೆಯ ಮುಂದೆ ಕೀಲಿಕೈ ಹಿಡಿದು ನಿಂತಳಂತೆ. ಸಂಜೆಯವರೆಗೂ ನಿಂತಿದ್ದಳಂತೆ. ನಾನು ನೋಡಲಿಲ್ಲ, ಅಟ್ಟದ ಮೇಲೆ ಅಡಗಿದ್ದೆ. ಊರಿನವರು ಯಾರೂ ನನಗೆ ಬಯ್ಯಲಿಲ್ಲ, ಅದು ಇನ್ನೂ ಕೆಟ್ಟದ್ದು. ನಾಲ್ಕು ದಿನ ಬಿಟ್ಟು ಅವಳೇ ಸೈಬರ್ ಸೆಂಟರಿಗೆ ಬಂದಳು. ಹೊಟ್ಟೆಗೆ ಕೈ ಒತ್ತಿಕೊಂಡು, ನಿಧಾನಕ್ಕೆ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದಳು.

‘ಏನ್ ನೋಡ್ಕೋತ ಕುಂತಿದ್ದೆಪ್ಪಾ ಎಂಟ್ ದಿನಾ? ನನಗೂ ತೋರಸು.’

ತೋರಿಸಿದೆ. ಅವಳು ಬಹಳ ಹೊತ್ತು ಆ ಬೆಳಕು ನೋಡಿದಳು. ‘ಇಲ್ಲಿ ಮನಿ ಕಟ್ಟಾಕ ಬರ್ತೈತೇನು?’ ಎಂದಳು. ಬರುತ್ತಿತ್ತು. ಎರಡು ತಿಂಗಳು ಕೂತು ಕಟ್ಟಿದೆ, ಅವಳು ಹೇಳಿದ ಹಾಗೆ. ಮೂರು ಮೆಟ್ಟಿಲು, ನಡುವಿನದರ ಮೂಲೆ ಮುರಿದದ್ದು, ಪಕ್ಕದಲ್ಲಿ ದುಂಡುಮಲ್ಲಿಗೆ ಬಳ್ಳಿ. ದೀಪದ ಗೂಡು ಬಾಗಿಲಿನ ಎಡಕ್ಕೆ. ಬಲಕ್ಕಲ್ಲ, ಎಡಕ್ಕೆ, ಅವಳ ತಂದೆ ಎಡಗೈಯವನಾಗಿದ್ದ. ‘ಬಾಗಲಾ ಇನ್ನೂ ಗಿಡ್ಡ ಮಾಡು. ತಲಿ ಬಗ್ಗಿಸಿ ಬರಬೇಕು ಮಂದಿ.’ ಆಟದಲ್ಲಿ ಏಳಡಿಗಿಂತ ಗಿಡ್ಡ ಬಾಗಿಲು ಸಿಗುತ್ತಿರಲಿಲ್ಲ. ಕೊನೆಗೆ ಹೊಸ್ತಿಲನ್ನೇ ಮೂರಡಿ ಎತ್ತರಿಸಿದೆವು. ಮನೆಯ ಮುಂದೆ ಅದೇ ಓಣಿ, ಎದುರಿಗೆ ಅದೇ ಬೀಗ ಹಾಕಿದ ಬಾಗಿಲು. ಮುಗಿದ ದಿನ ನಾನು ಆ ಮಾತು ಕೊಟ್ಟೆ.

‘ಮಾತು ಬ್ಯಾಡ ಮಾರ್ತಾಂಡ, ನಡದ್ರ ಸಾಕು’ ಅಂದಳು ಚಂಪಕ್ಕ.

ನಡೆಯಲೇಬೇಕಿತ್ತು. ಸಂಜೆಸೀಮೆಯಲ್ಲೂ ಒಂದು ಕಾಯಿದೆ: ಮೂವತ್ತು ದಿನ, ಅಲ್ಲಿ ಇರುವವರನ್ನು ಬಿಟ್ಟು ಬೇರೆ ಯಾರೂ ಬಾರದ ಮನೆ ಬಿದ್ದುಹೋಗುತ್ತದೆ, ನಿವೇಶನ ಬೇರೆಯವರಿಗೆ. ಬೇರೆ ಊರಿನ ಆಟಗಾರರು ಇದಕ್ಕೆ ಕೂಗಾಡಿದರು, ಅನ್ಯಾಯ ಅಂದರು, ಬಿಟ್ಟು ಹೋದರು. ನಮ್ಮ ಊರಿನವರಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ. ಮೂವತ್ತು ದಿನವೇ? ಪರವಾಗಿಲ್ಲ, ಕೈಸಡಿಲ ಜನ ಅಂದುಕೊಂಡರು. ಹಾಗಾಗಿ ವರ್ಷಗಳು ಹೋದಂತೆ ಆ ಆಟದಲ್ಲಿ ಉಳಿದವರಲ್ಲಿ ನಮ್ಮವರೇ ಹೆಚ್ಚು. ಕೋಟೆಗಳು ಬಿದ್ದವು, ಪೇಟೆಗಳು ಬಿದ್ದವು, ಎಣ್ಣೆ ಗಿರಣಿಯ ಹಿಂದಿನ ಓಣಿ ಉಳಿಯಿತು. ಚಂಪಕ್ಕ ತಂಗಿಯ ಮಗಳ ಮನೆಯ ಒಂದು ಕೋಣೆ ಸೇರಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಕೊಡೆ ಹಿಡಿದು ಮೌಲಾಲಿಯ ಅಂಗಡಿಗೆ ಬಂದು ತನ್ನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಏನೂ ಮಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅವಳು ಎದ್ದು ಹೋದ ಮೇಲೂ ಆ ಮಶಿನ್ ಸುತ್ತ ಒಂದಿಷ್ಟು ಹೊತ್ತು ದುಂಡುಮಲ್ಲಿಗೆ ವಾಸನೆ ಇರುತ್ತಿತ್ತು. ಅಂಗಡಿ ಆ ಹೊತ್ತಿಗೆ ಝೆರಾಕ್ಸ್ ಅಂಗಡಿಯಾಗಿತ್ತು. ಮೂರು ಮಶಿನ್ ಮಾತ್ರ ಉಳಿದಿದ್ದವು, ವಾಸನೆಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ತಿಂಗಳಿಗೊಮ್ಮೆ ನಡೆದರೂ ಸಾಕಿತ್ತು. ಆದರೆ ಒಮ್ಮೆ ತಪ್ಪಿದವನು ನಾನು, ದಿನಾ ಕೆಲಸ ಬಿಟ್ಟು ಬರುತ್ತ ಅರ್ಧ ಗಂಟೆ ಹೊಕ್ಕು, ಅವಳ ಓಣಿ ನಡೆದು, ‘ಬಂದು ಹೋದೆ’ ಎಂದು ಬರೆದು ಮನೆಗೆ ಹೋಗುತ್ತಿದ್ದೆ. ಹೆಂಡತಿ ಭಾರತಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಅವಳು ಹೊರಡುವುದಕ್ಕೂ ನಾನು ಬರುವುದಕ್ಕೂ ಸರಿಹೋದರೆ ಬಾಗಿಲಲ್ಲಿ ಮುಖ ನೋಡಿದೆವು ಅಂತ. ಮಗಳು ಮಧುರಾಗೆ ಸೈಕಲ್ ಕಲಿಸುತ್ತೇನೆಂದು ಎರಡು ವರ್ಷದಿಂದ ಹೇಳುತ್ತಿದ್ದೆ. ಒಮ್ಮೆ ಅವಳು ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

‘ನೀ ಆ ಅಜ್ಜಿಗೆ ಮಾತ ಕೊಡೂಮುಂದ ನಾ ಹುಟ್ಟಿದ್ದೇನು?’

‘ಇಲ್ಲವಾ.’

‘ಮತ್ತ ನನ್ನ ಅರ್ಧಾ ತಾಸು ಯಾಕ್ ಕೊಟ್ಟೆ?’

ಭಾರತಿ ಒಳಗಿನಿಂದ ನಕ್ಕಳು. ಆ ನಗುವಿನಲ್ಲಿ ಅರ್ಧ ಮಗಳ ಪರ, ಇನ್ನರ್ಧವೂ ಮಗಳ ಪರ.

ಹೋದ ವರ್ಷ ಆಟದ ಕಂಪನಿಯಿಂದ ಒಂದು ಸೂಚನೆ ಬಂತು. ಜನ ಇಲ್ಲ, ಮುಚ್ಚುತ್ತೇವೆ. ಆದರೆ ಒಂದು ತಿಂಗಳು, ದಿನವೂ ತಪ್ಪದೆ ನಲವತ್ತು ಜನ ಬಂದರೆ ಮುಂದುವರಿಸುತ್ತೇವೆ. ಆಗ ಒಳಗೆ ಇದ್ದವರು ಹನ್ನೊಂದು ಜನ. ನಾನು ಆ ಸೂಚನೆಯನ್ನು ಮೂರು ಸಲ ಓದಿ ಚಂಪಕ್ಕನಿಗೆ ಹೇಳಲಾರದೆ ಮೌಲಾಲಿಗೆ ಹೇಳಿದೆ. ಮೌಲಾಲಿ ಗಡ್ಡ ಕೆರೆದುಕೊಂಡು, ‘ನಲವತ್ತ್ ಮಂದಿ ಏನ್ ದೊಡ್ಡದಪ್ಪಾ? ಪಾಳಿ ಹಾಕು’ ಅಂದ.

ಪಾಳಿ ಅಂದರೆ ನಮ್ಮ ಊರಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಮೌಸು ಮುಟ್ಟದವರೆಲ್ಲ ಬಂದರು. ರಿಟೈರಾದ ಬಸ್ ಕಂಡಕ್ಟರ್ ದ್ಯಾಮಣ್ಣ ಬಂದ, ಹೂ ಮಾರುವ ಫಕೀರವ್ವ ಬುಟ್ಟಿಸಮೇತ ಬಂದಳು, ಗಿರಣಿಯ ಹಮಾಲರು ಸರದಿಯಲ್ಲಿ ನಿಂತರು. ಹೊತ್ತು ಗೊತ್ತುಮಾಡಿ, ದಾರಿ ತೋರಿಸಿ, ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಟ್ಟೆ. ಪೆಟ್ಟಿಗೆ ಅಂಗಡಿಯಷ್ಟು ಜಾಗದಲ್ಲಿ ಮೂರು ಮಶಿನ್ ಮುಂದೆ ಒಬ್ಬರಾದ ಮೇಲೆ ಒಬ್ಬರು ಕೂತು ನಡೆದರು. ಕೋಟೆಯ ಹತ್ತಿರ ಮಲಗಿರುವ ಘಟಸರ್ಪವನ್ನು ಕೊಂದರೆ ಬಂಗಾರ ಸಿಗುತ್ತದೆ ಎಂದು ಹೇಳಿಕೊಟ್ಟರೆ, ಫಕೀರವ್ವ ‘ಅದರ ಪಾಡಿಗೆ ಅದು ಮಲಗೈತಿ, ನಿನಗೇನ್ ಮಾಡೇತಿ?’ ಎಂದು ನನಗೇ ಬಯ್ದಳು. ಅವಳಿಗೆ ದಾರಿ ಹತ್ತಲೇ ಇಲ್ಲ. ದಿನಾ ಓಣಿ ಬಿಟ್ಟು ಎಲ್ಲೋ ಹೋಗಿ, ನಾನು ಹುಡುಕಿ ದಣಿದ ಸಮುದ್ರಕ್ಕೆ ಮೂರನೇ ದಿನವೇ ಬಿದ್ದಳು. ಎದ್ದು ಹೋಗುವಾಗ ಸೀರೆಯ ಸೆರಗು ಕೊಡವಿದಳು. ಮೌಲಾಲಿ ಸಂಜೆ ಅಂಗಡಿ ಗುಡಿಸಿ ಮೊರದ ತುಂಬ ಮರಳು ಹೊರಗೆ ಚೆಲ್ಲಿದ.

ನಡುಮಧ್ಯಾಹ್ನ ಅಂಗಡಿಯಿಂದ ಹೊರಬರುವವರ ಮುಖದ ಮೇಲೆ ಸಂಜೆ ಇರುತ್ತಿತ್ತು. ಬಿಸಿಲಿಗೆ ಬಂದರೂ ನಾಲ್ಕು ಹೆಜ್ಜೆ ಆ ಕುಂಕುಮದ ಬಣ್ಣ ಹೋಗುತ್ತಿರಲಿಲ್ಲ. ಹಮಾಲರು ಮೂಟೆ ಹೊರುವಾಗಲೂ ಸಣ್ಣ ದನಿಯಲ್ಲಿ ಮಾತಾಡುವುದು ಕಲಿತರು. ಸಂತೆಪೇಟೆಯಲ್ಲಿ ಯಾರಾದರೂ ಸುಮ್ಮನೆ ನಿಂತು ಕಿವಿಗೊಟ್ಟರೆ, ಏನು ಕೇಳುತ್ತಿದ್ದಾರೆಂದು ಉಳಿದವರಿಗೆ ತಿಳಿಯುತ್ತಿತ್ತು. ಚಂಪಕ್ಕ ತನ್ನ ಮೆಟ್ಟಿಲ ಮೇಲೆ ಕೂತು, ದಿನಕ್ಕೆ ನಲವತ್ತು ಸಲ ‘ಬಂದು ಹೋದೆ’ ಕೇಳುತ್ತಿದ್ದಳು. ‘ನಮ್ಮ ಓಣ್ಯಾಗ ಇಷ್ಟ್ ಮಂದಿ ನಮ್ಮ ತಂದಿ ಸತ್ತಾಗೂ ಬಂದಿದ್ದಿಲ್ಲ’ ಎಂದಳು. ಬಹಳ ವರ್ಷದ ಮೇಲೆ ಅವಳ ಹಲ್ಲು ಕಂಡಿತು.

ಇಪ್ಪತ್ತೆರಡನೆಯ ದಿನ ಕಂಪನಿಯಿಂದ ಪತ್ರ ಬಂತು. ‘ನಿಮ್ಮ ಊರಿನಿಂದ ಬರುತ್ತಿರುವ ಹೆಸರುಗಳಲ್ಲಿ ಮೂವತ್ತೊಂದು ಮನುಷ್ಯರಲ್ಲ, ತಾವಾಗಿ ನಡೆಯುವ ಯಂತ್ರಗಳು ಎಂದು ಕಂಡುಬಂದಿದೆ. ದಿನವೂ ಗೊತ್ತಾದ ಹೊತ್ತಿಗೆ ಬರುತ್ತವೆ. ಒಂದೇ ದಾರಿ ನಡೆಯುತ್ತವೆ. ಏನನ್ನೂ ಕೊಳ್ಳುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಕೊನೆಯಲ್ಲಿ ಒಂದೇ ಮಾತು ಹೇಳಿ ಮಾಯವಾಗುತ್ತವೆ. ಆದ್ದರಿಂದ ಅವನ್ನು ತಡೆಹಿಡಿಯಲಾಗಿದೆ.’

ಒಬ್ಬರಿಗೂ ಹೆಜ್ಜೆ ತಪ್ಪದಂತೆ ದಾರಿ ಕಲಿಸಿದವನು ನಾನೇ. ನಮ್ಮಲ್ಲಿ ಹಾಗೆ ನಡೆಯುವವನನ್ನು ಒಳ್ಳೆಯ ಮನುಷ್ಯ ಅನ್ನುತ್ತಾರೆ. ಕಂಪನಿಯವರು ಮನುಷ್ಯರೆಂದು ಬಿಟ್ಟ ಹೆಸರುಗಳನ್ನು ಓದಿದರೆ ಎಲ್ಲ ದಾರಿ ತಪ್ಪಿದವರು. ಮೊದಲ ಹೆಸರೇ ಫಕೀರವ್ವ.

ಪತ್ರದ ಮೇಲೆ ಪತ್ರ ಬರೆದೆ. ಗಾಜು ತಿಕ್ಕುವಾಗ ಮನಸ್ಸಿನಲ್ಲೇ ಬರೆದು, ಊಟದ ಬಿಡುವಿನಲ್ಲಿ ಮೌಲಾಲಿಯ ಅಂಗಡಿಗೆ ಓಡಿ ಕೀಬೋರ್ಡಿನಲ್ಲಿ ಬಡಿದೆ. ನಾವು ಮನುಷ್ಯರೇ, ನಮ್ಮಲ್ಲಿ ನಡೆಯುವ ಪದ್ಧತಿ ಹೀಗೆ. ಒಂದು ಪತ್ರಕ್ಕೆ ಉತ್ತರ ಬಂತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಪ್ರತಿನಿಧಿ ಒಳಗೆ ಬಂದು ನೋಡುತ್ತಾರೆ, ಆ ಒಂದು ಗಂಟೆ ಎಲ್ಲರನ್ನೂ ಒಳಗೆ ಬಿಡುತ್ತೇವೆ.

ಭಾನುವಾರ ಬಾಲವಾಡಿಯ, ಸೊಸೈಟಿಯ, ಹೈಸ್ಕೂಲಿನ ಹಳೆಯ ಮಶಿನ್‌ಗಳೆಲ್ಲ ತೆರೆದವು. ಮೌಲಾಲಿಯ ಅಂಗಡಿಯಲ್ಲಿ ಚಂಪಕ್ಕ, ದ್ಯಾಮಣ್ಣ, ನಾನು ಒಂದೊಂದರ ಮುಂದೆ. ಹಿಂದೆ ಜನ, ಅವರ ಮುಂದೆ ಬುಟ್ಟಿ ಹಿಡಿದ ಫಕೀರವ್ವ. ಎಲ್ಲ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು, ಬಟ್ಟೆ ಅತ್ತ ಕಾಣುವುದಿಲ್ಲವೆಂದು ಹೇಳಿದರೂ. ಓಣಿಯ ತುದಿಯಲ್ಲಿ ಬಿಳಿ ಕೊಡೆ ಹಿಡಿದ ಒಂದು ಆಕೃತಿ ಬಂದು ನಿಂತಿತು. ಸ್ಪೀಕರಿನಲ್ಲಿ ಹೆಂಗಸಿನ ದನಿ ಕೇಳಿತು.

‘ನಮಸ್ಕಾರ. ನಾನು ವಿನಯಾ, ಕಂಪನಿಯಿಂದ. ನಿಮ್ಮಲ್ಲಿ ಯಾರಾದರೂ ಮಾತಾಡ್ತೀರಾ?’

ಹೈಸ್ಕೂಲಿನಿಂದ ಒಬ್ಬರು ಹೆದರಿ ‘ಬಂದು ಹೋದೆ’ ಎಂದು ಬರೆದರು. ಸೊಸೈಟಿಯಿಂದ ಇನ್ನೊಬ್ಬರು ‘ಬಂದು ಹೋದೆ.’ ಆಮೇಲೆ ಸಾಲಾಗಿ ಹದಿನೆಂಟು ಜನ. ನಾನು ಹಣೆ ಹಿಡಿದುಕೊಂಡೆ. ಕೊಡೆಯ ಆಕೃತಿ ನಿಟ್ಟುಸಿರು ಬಿಟ್ಟದ್ದು ಸ್ಪೀಕರಿನಲ್ಲಿ ಕೇಳಿತು. ಆ ಹೊತ್ತಿಗೆ ಸರಿಯಾಗಿ ದ್ಯಾಮಣ್ಣ, ಚೆನ್ನಾಗಿ ಕಾಣಲೆಂದು, ತನ್ನ ಆಕೃತಿಯನ್ನು ಚಂಪಕ್ಕನ ಮೆಟ್ಟಿಲ ಮೇಲೆ ಹತ್ತಿಸಿದ.

‘ಏ ಕಂಡಕ್ಟರಾ!’ ಫಕೀರವ್ವನ ದನಿಗೆ ಅಂಗಡಿಯ ಗಾಜು ನಡುಗಿತು. ‘ಅಕ್ಕೋರ ಮೆಟ್ಲ ಮ್ಯಾಲ ಬೂಟ್ ಹಾಕ್ಕೊಂಡು ನಿಂತೀಯಲ್ಲ, ನಿಮ್ಮಪ್ಪನ ಬಸ್ಸೇನದು?’

‘ನಾ ಹಾಕ್ಕೊಂಡೇನೇನು? ಹುಟ್ಟಿದಾಗಿಂದ ಐತಿ ಇದಕ್ಕ ಬೂಟು! ತಗಿಯಾಕ ಬರೂದಿಲ್ಲ!’

‘ಬರೂದಿಲ್ಲಂದ್ರ ಕೆಳಗ ಇಳಿ.’

‘ಸಮುದ್ರದಾಗ ಬಿದ್ದಾಕಿ ನೀ ನನಗ ದಾರಿ ಹೇಳ್ತಿ?’

‘ಬಿದ್ರೂ ನನ್ನ ಮನಶಾಳಂತ ಬರದಾರ ಕಂಪನ್ಯಾಗ! ನಿನ್ನ ಏನಂತ ಬರದಾರ ಓದಿಸ್ಲೇನು? ಮಿಶಿನ್!’

‘ಮೂವತ್ತೆರಡ್ ವರ್ಷ ಸರ್ವಿಸ್ ಮಾಡೇನಿ, ಒಂದ ಕಂಪ್ಲೇಂಟಿಲ್ಲ—’

‘ಮಿಶಿನ್ನಿಗೆ ಕಂಪ್ಲೇಂಟ್ ಯಾರ್ ಕೊಡ್ತಾರ?’

ಮೈಕ್ ತೆರೆದೇ ಇತ್ತು. ಹೈಸ್ಕೂಲಿನವರು ದ್ಯಾಮಣ್ಣನ ಪರ, ಹಮಾಲರು ಫಕೀರವ್ವನ ಪರ. ಕಾಗುಣಿತವಿಲ್ಲದ ಬೈಗುಳ ಓಣಿಯ ಮೇಲೆ ಸಾಲುಸಾಲಾಗಿ ತೇಲಿತು. ಎರಡು ಆಕೃತಿ ಎದುರಿಗಿನ ಬೀಗದ ಬಾಗಿಲಿಗೆ ಗುದ್ದಿದವು. ಚಂಪಕ್ಕ ಮೈಕಿಗೆ ಬಾಗಿ, ಬಾಲವಾಡಿಯ ದನಿಯಲ್ಲಿ, ‘ಗದ್ದಲ ಸಾಕು. ಎಲ್ಲಾರೂ ಒಳಗ ಬರ್ರಿ, ತಲಿ ಬಗ್ಗಿಸಿ. ಕೊಡಿ ಹಿಡಿದಾಕಿ, ನೀನೂ ಬಾ ಯವ್ವಾ’ ಎಂದಳು. ಸ್ಪೀಕರಿನಿಂದ ನಗು ಬಂತು. ಅವಳ ಕೊಡೆ, ಎತ್ತರಿಸಿದ ಹೊಸ್ತಿಲಿಗೂ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತು. ‘ಯಂತ್ರಗಳು ಹೀಗೆ ಜಗಳ ಆಡಲ್ಲ ಬಿಡಿ’ ಎಂದಳು ವಿನಯಾ.

ಅಂಗಡಿ ತುಂಬ ಸಿಳ್ಳೆ. ಮೌಲಾಲಿ ಎಲ್ಲರಿಗೂ ಚಹಾ ಹೇಳಿದ. ಗದ್ದಲ ತಗ್ಗಿದ ಮೇಲೆ ವಿನಯಾ ಮತ್ತೆ ಮಾತಾಡಿದಳು, ಈಗ ಮೆಲ್ಲಗೆ.

‘ನೀವು ಮನುಷ್ಯರು ಅಂತ ನಾನು ನಂಬಿದೆ. ಆದರೆ ತಿಂಗಳ ನಡುವೆ ಸಂಖ್ಯೆ ಮುರಿದಿದೆ, ಮೇಲಿನವರು ತೀರ್ಮಾನ ಮಾಡಿ ಆಗಿದೆ. ಇನ್ನೆರಡು ವಾರಕ್ಕೆ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಸಂಜೆಸೀಮೆ ಮುಚ್ಚುತ್ತೆ. ಅಲ್ಲಿವರೆಗೆ ಎಲ್ಲರನ್ನೂ ಒಳಗೆ ಬಿಡಿಸ್ತೀನಿ, ಅಷ್ಟು ನನ್ನ ಕೈಲಾಗುತ್ತೆ. ಇನ್ನೊಂದಾಗುತ್ತೆ. ಈ ಓಣಿಯನ್ನ ಬೇರೆ ಕಡೆ ತೆಗೆದು ಇಡ್ತೀನಿ. ಇದ್ದ ಹಾಗೇ ಇರುತ್ತೆ, ಯಾವತ್ತೂ ಬೀಳಲ್ಲ. ಹೊರಗಿಂದ ನೋಡಬಹುದು. ಒಳಗೆ ಯಾರೂ ಹೋಗೋ ಹಾಗಿಲ್ಲ, ಹೋಗಬೇಕಾಗೂ ಇಲ್ಲ. ಕಟ್ಟಿದವರ ಹೆಸರಿಗೆ ಒಂದು ಪ್ರಶ್ನೆ ಬರುತ್ತೆ. ಹೌದು ಅಂದರೆ ಸಾಕು.’

ಕಟ್ಟಿದವನು ನಾನು. ಒಂದು ಕ್ಷಣ ನನ್ನ ಮೊಣಕಾಲಿನ ನೋವೇ ಹಾರಿಹೋಯಿತು. ಯಾವತ್ತೂ ಬೀಳುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಇಪ್ಪತ್ತು ವರ್ಷದ ಮೂಟೆ ಒಂದು ‘ಹೌದು’ ಅಂದರೆ ಇಳಿಯುತ್ತದೆ. ಮಗಳ ಅರ್ಧ ತಾಸು ಮಗಳಿಗೆ.

ಚಂಪಕ್ಕ ಎದ್ದು ಕೊಡೆ ತೆಗೆದುಕೊಂಡಳು. ಅವಳನ್ನು ಮನೆಗೆ ಬಿಡಲು ಜೊತೆಗೆ ಹೊರಟೆ. ಎಣ್ಣೆ ಗಿರಣಿಯ ಗೋಡೆ ಬಂದಾಗ ನಿಂತಳು. ಹಿಂಡಿಯ ವಾಸನೆ, ಬಿಸಿಲು. ನಾನು ತಡೆಯಲಾರದೆ ಅಂದೆ, ‘ಅಕ್ಕಾ, ಉಳೀತಲ್ಲ. ಶಾಶ್ವತ ಉಳೀತು.’

‘ಯಾರೂ ಬರದಿದ್ರೂ ಉಳಿಯೂದು ಗ್ವಾಡಿ, ಮಾರ್ತಾಂಡ. ಓಣಿ ಅಲ್ಲ.’

‘ಹಂಗಂದ್ರ? ಬೀಳ್ಲಿ ಅಂತೀಯೇನು?’

‘ಆಗ ಯಾರೂ ಬರ್ಲಿಲ್ಲಂತ ಬಿತ್ತು.’ ಅವಳು ಗೋಡೆಯ ಗಾರೆಯ ಮೇಲೆ ಅಂಗೈ ಇಟ್ಟಳು, ಮಗುವಿನ ಜ್ವರ ನೋಡುವವರ ಹಾಗೆ. ‘ಕೀಲಿಕೈ ಹಿಡಕೊಂಡು ಇಲ್ಲಿ ನಿಂತಾಗ ಮನಿ ಹೋತಂತ ಅಳಲಿಲ್ಲಪಾ ನಾ. ಎಂಟ್ ದಿನಾ ಈ ಊರಾಗ ನನ್ನ ಕಡಿ ಒಬ್ರೂ ಬರ್ಲಿಲ್ಲಲ್ಲಾ ಅಂತ ಅತ್ತೆ. ಈಗ ದಿನಾ ನಲವತ್ ಮಂದಿ ಬಂದ್ರು. ಜಗಳಾನೂ ಆಡಿದ್ರು. ಇನ್ನ ಬಿದ್ರ ಬೀಳ್ಲಿ.’

‘ನಾ ಮಾತ ಕೊಟ್ಟೇನಲ್ಲಕ್ಕಾ.’

‘ಕೊಟ್ಟಾಂವ ನೀನ. ಏನ್ ಮಾಡ್ತಿ ನಿನಗ ಬಿಟ್ಟದ್ದು. ನಾ ಬೇಕೂ ಅನ್ನೂದಿಲ್ಲ, ಬ್ಯಾಡೂ ಅನ್ನೂದಿಲ್ಲ.’ ಕೊಡೆ ಬಿಚ್ಚಿ ಮುಂದೆ ಹೋದಳು.

ಆ ಎರಡು ವಾರ ನಾನು ತಿಕ್ಕಿದ ಗಾಜುಗಳಲ್ಲಿ ಮೂರು ಒಡೆದವು. ಭಾರತಿಯನ್ನು ಕೇಳಿದೆ. ‘ಆಕಿ ಸಲುವಾಗಿ ಉಳಸ್ತೀಯೋ, ನಿನ್ನ ಸಲುವಾಗೋ?’ ಎಂದು ಕೇಳಿ ಡ್ಯೂಟಿಗೆ ಹೊರಟಳು. ಅವಳು ಯಾವಾಗಲೂ ಹೊರಡುವಾಗಲೇ ಇಂಥದ್ದು ಕೇಳುವುದು.

ಕೊನೆಯ ಭಾನುವಾರ ಯಾರೂ ಪಾಳಿ ನೋಡಲಿಲ್ಲ, ಎಲ್ಲರೂ ಬಂದರು. ಅಂಗಡಿಯ ಹೊರಗೆ ಚಾಪೆ ಹಾಸಿದರು. ದ್ಯಾಮಣ್ಣ ಮೆಟ್ಟಿಲ ಕೆಳಗೇ ನಿಂತ, ಫಕೀರವ್ವ ಅವತ್ತೂ ದಾರಿ ತಪ್ಪಿದಳು, ಹುಡುಕಿಕೊಂಡು ಬರಲು ಇಬ್ಬರು ಹೋದರು. ರಜೆ ಹಾಕಿದ್ದ ಭಾರತಿ ಮಧುರಾಳನ್ನು ಕರೆದುಕೊಂಡು ಬಂದಳು. ಇಷ್ಟು ವರ್ಷದಲ್ಲಿ ಮಗಳು ಆ ಓಣಿ ನೋಡಿರಲಿಲ್ಲ. ನನ್ನ ತೊಡೆಯೇರಿ ಕೂತು ಮೌಸು ಕಿತ್ತುಕೊಂಡು, ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತ ನಡೆದಳು. ಕುಂಕುಮದ ಬೆಳಕು ಅವಳ ಮೂಗಿನ ತುದಿಯ ಮೇಲೆ ಕೂತಿತ್ತು.

‘ಇದ್ಯಾಕ ಮುರದೈತಿ ಅಜ್ಜಿ, ಈ ಮೆಟ್ಲ?’

‘ಅದರ ಮ್ಯಾಲ ಒಬ್ಬಾಕಿ ಖಾರಾ ಕುಟ್ಟೂ ಒಳ್ಳ ಕೆಡವಿದ್ಲವಾ, ನಿನ್ನಷ್ಟ ಇದ್ಲು.’

‘ಯಾರು?’

‘ನಾನ.’

ಮಧುರಾ ಓಣಿಯ ತುದಿ ಮುಟ್ಟಿದಳು. ಅಲ್ಲಿ ನಿಂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ‘ಬಂದು’ ಎಂದಷ್ಟೇ ಬರೆದು ನನ್ನ ಮುಖ ನೋಡಿದಳು, ಉಳಿದದ್ದು ಬರೆಯಲು ಮನಸ್ಸಿಲ್ಲದವಳ ಹಾಗೆ. ಚಂಪಕ್ಕ ತೆರೆಯ ಮೇಲಿಂದ ಕಣ್ಣು ಕೀಳಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ರಶ್ನೆ ಬಂತು. ಕೆಳಗೆ ಎರಡು ಪದ, ಹೌದು, ಬೇಡ. ಸಮುದ್ರದ ಸದ್ದು ಎಂದಿಗಿಂತ ಹತ್ತಿರ ಕೇಳಿತು. ಚಂಪಕ್ಕ ಮಗ್ಗುಲಿನ ಮಶಿನ್‌ನಲ್ಲಿ ತನ್ನ ಮೆಟ್ಟಿಲ ಮೇಲೆ ಕೂತಿದ್ದಳು, ಸುತ್ತ ಅಷ್ಟು ಜನ, ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗುವಷ್ಟು. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಗಳ ಕೈಯಿಂದ ಮೌಸು ತೆಗೆದುಕೊಂಡೆ.

ಬೇಡ ಒತ್ತಿದೆ.

ನಾಲ್ಕಕ್ಕೆ ಮೂರು ತೆರೆಗಳೂ ಕಪ್ಪಾದವು. ಓಣಿ ಮುಚ್ಚಿತು. ಚಂಪಕ್ಕನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.